ಮಧ್ಯಾಹ್ನದ ಮಾತ್ರೆ

ರಂಜಾನಿನ ಪೆರ್ನಾಳು ಹಬ್ಬದ ಬೆಳಿಗ್ಗೆ ಮೊದಲ ಬಸ್ಸಿಗೆ ಮೂಡುಬಿದಿರೆಯಿಂದ ಹೊರಟ ಶಮ್ನಾ, ಬೆಳ್ತಂಗಡಿಯಲ್ಲಿಳಿದು ಉಮ್ಮ ಸಫಿಯಮ್ಮನ ರಕ್ತದ ವರದಿ ತೆಗೆದುಕೊಂಡಳು. ಹತೋಟಿಗೆ ಬಂದಿದ್ದ ಬಿಳಿ ಕಣ ಮತ್ತೆ ಮೂರು ಪಟ್ಟು ಏರಿತ್ತು. ಮದ್ದೇ ಸೋತಿತೆಂದು ತನ್ನೂರು ಕಕ್ಕಿಂಜೆ ತಲುಪುವವರೆಗೂ ಬಸ್ಸಿನಲ್ಲಿ ಅತ್ತಳು. ಮನೆಯಲ್ಲಿ ಮಾತ್ರೆಯ ಡಬ್ಬ ತೆರೆದವಳೇ ಕೆಂಡವಾದಳು. ಒಂದು ತಿಂಗಳ ಮಾತ್ರೆ ಹಾಗೆಯೇ ಬಿದ್ದಿತ್ತು.

ಎರಡು ವರ್ಷದಿಂದ ಅವಳು ಕಾಲೇಜಿನ ಪ್ರಯೋಗಾಲಯದಲ್ಲಿ ಇದೇ ಮದ್ದಿನ ಬೆನ್ನು ಹತ್ತಿದ್ದಳು. ಉಮ್ಮನ ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಒಂದು ದುಷ್ಟ ಪ್ರೋಟೀನು ಜೀವಕೋಶಕ್ಕೆ ಬೆಳೆ, ಬೆಳೆ ಎಂದು ಬಿಡದೆ ಆಜ್ಞೆ ಕೊಡುತ್ತದೆ. ಆಜ್ಞೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತದೆ. ಮದ್ದು ಆ ಮೊದಲ ಬಾಯಿಯನ್ನೇ ಮುಚ್ಚುತ್ತದೆ. ಆಗ, ಆಜ್ಞೆ ಪಡೆದು ಎಚ್ಚೆತ್ತ ಪ್ರೋಟೀನು ಪ್ರಯೋಗದ ಫಿಲ್ಮಿನ ಮೇಲೆ ಮೂಡಿಸುವ ಕಪ್ಪು ಗೆರೆ ಮಾಸಿಹೋಗುತ್ತದೆ. ಕಳೆದ ವಾರ ಅವಳು ಕೋಶಗಳಿಂದ ಮದ್ದನ್ನು ತೊಳೆದು ನೋಡಿದ್ದಳು. ಮರುದಿನವೇ ಗೆರೆ ಮೊದಲಿನಷ್ಟೇ ಕಪ್ಪಾಗಿ ಬಂದು ಕೂತಿತ್ತು. ಫಲಿತಾಂಶ ಚೆನ್ನಾಗಿದೆಯೆಂದು ಗೈಡ್ ಪದ್ಮಯ್ಯ ಹೊಗಳಿದ್ದರು. ಅದೇ ಹಾಳು ಪ್ರಯೋಗ ಇಲ್ಲಿ ಉಮ್ಮನ ಮೈಯಲ್ಲೂ ನಡೆದಿತ್ತು.

"ಉಮ್ಮ, ನಿಮಗೆ ತಲೆ ಸರಿ ಉಂಟಾ? ಒಂದು ದಿನ ತಪ್ಪಿದ್ರೂ ಅದು ಏಳ್ತದೆ ಅಂತ ಎಷ್ಟು ಸಲ ಬಡ್ಕೊಂಡಿದ್ದೇನೆ! ಸಾಯ್ಬೇಕು ಅಂತಲೇ ಮಾಡಿದ್ದಾ? ಯಾರು ಬಿಡ್ಲಿಕ್ಕೆ ಹೇಳಿದ್ದು?"

ಸಫಿಯಮ್ಮ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದ ಕತ್ತಿಯನ್ನು ಕೆಳಗಿಟ್ಟರು. "ಯಾರೂ ಹೇಳ್ಲಿಲ್ಲ ಮೋಳೆ. ನೀನೇ ಬರೆದದ್ದಲ್ವಾ? ತಿಂಗಳಿಡೀ ನೋಂಬಿನ ಉಪವಾಸ. ಮಧ್ಯಾಹ್ನದ ಊಟ ಎಲ್ಲಿಂದ ಬರ್ಬೇಕು?"

ಡಬ್ಬಕ್ಕೆ ಅಂಟಿಸಿದ ಚೀಟಿಯಲ್ಲಿ ಶಮ್ನಾಳ ದುಂಡು ಅಕ್ಷರ. 'ಮಧ್ಯಾಹ್ನ ಊಟ ಆದ ಮೇಲೆ ಮಾತ್ರ. ಬೇರೆ ಹೊತ್ತಿಗೆ ತೆಗೆದುಕೊಳ್ಳಬಾರದು.' ಕೆಂಪು ಶಾಯಿ, ಕೆಳಗೆ ಎರಡೆರಡು ಗೆರೆ. ಡಾಕ್ಟರು ಹೇಳಿದ್ದು ದಿನಕ್ಕೊಮ್ಮೆ, ಊಟದ ಜೊತೆ ಎಂದಷ್ಟೆ. ಉಮ್ಮ ಹೊಟ್ಟೆ ತುಂಬ ಉಣ್ಣುವುದು ಮಧ್ಯಾಹ್ನವೆಂದು ಉಳಿದದ್ದನ್ನು ಸೇರಿಸಿದವಳು ಇವಳೇ.

"ಸಹರಿಗೆ ನುಂಗಬಹುದಿತ್ತಲ್ಲ ಉಮ್ಮ..." ಎಂದಳು. ತಾನೂ ಹಾಸ್ಟೆಲಿನಲ್ಲಿ ತಿಂಗಳಿಡೀ ಬೆಳಗಿನ ಜಾವ ಸಹರಿಗೆ ಎದ್ದು, ಉಂಡು, ನೋಂಬು ಹಿಡಿದಿದ್ದಳು. ಒಂದು ದಿನವಾದರೂ ಈ ಡಬ್ಬ ನೆನಪಾಗಲಿಲ್ಲವಲ್ಲ ಎಂದು ಅವಳಿಗೆ ತನ್ನ ಕೆನ್ನೆಗೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ಒಂದು ಮಾತ್ರೆ ಬಿಡಿಸಿ, ಎರಡು ಪತ್ತಿರಿ ರೊಟ್ಟಿಯ ಜೊತೆ ನೀರು ಹಿಡಿದಳು.

ಸಫಿಯಮ್ಮ ಗೋಡೆ ಗಡಿಯಾರ ನೋಡಿ, ಮಗಳ ಸಿಟ್ಟಿಗೆ ಹೆದರಿ ಮೆಲ್ಲಗೆ ಕೇಳಿದರು, "ಈಗ ಹತ್ತೇ ಗಂಟೆ. ಮಧ್ಯಾಹ್ನ ಆಗ್ಬೇಕಲ್ವಾ?"

ಶಮ್ನಾ ಉಗುರಿನಿಂದ ಚೀಟಿಯನ್ನು ಕೆರೆದು ಕೆರೆದು ಕಿತ್ತಳು.