ಎಡಗಾಲು

"ಯೂನಿಫಾರ್ಮು, ಗೂಡಿನ ಕೀಲಿ, ಎರಡೂ ವಾಪಸ್ ಬೇಕಿತ್ತು," ಎಂದ ಅಕ್ಕನ ಸೂಪರ್‌ವೈಸರ್. ಯಾವಾಗ ಬೇಕಾದರೂ ಎದ್ದು ಓಡುವವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ.

ಅಕ್ಕ ಸತ್ತು ನಾಲ್ಕು ದಿನವಾಗಿತ್ತು. ಗೂಳಿ ಗೋಡೆಗೊರಗಿ ನಿಂತು ಅವನ ಕುತ್ತಿಗೆಯನ್ನೇ ನೋಡುತ್ತಿದ್ದ. ಎದುರಿಗೆ ಯಾರೇ ಸಿಕ್ಕರೂ ತಲೆ ತಗ್ಗಿಸಿ ನುಗ್ಗುತ್ತಾನೆಂದು ಅಕ್ಕನೇ ಇಟ್ಟ ಹೆಸರು ಅದು. ನಾಲ್ಕು ದಿನದಿಂದ ಅವನು ಹಲ್ಲು ಕಚ್ಚಿಕೊಂಡು ಕಾದಿದ್ದು ಈ ಮನುಷ್ಯನಿಗೇ.

"ಆರು ವರ್ಷ ಕೂರಿಸಿದ್ರಲ್ಲ ಆ ಪಾರ್ಕಿಂಗ್ ಗೂಡಲ್ಲಿ," ಎಂದು ಶುರುಮಾಡಿದ. "ದಿನಕ್ಕೆ ಹತ್ತು ಗಂಟೆ. ಗಾಡಿ ಬಂತು, ಚೀಟಿ ಹರಿ. ಗಾಡಿ ಬಂತು, ಚೀಟಿ ಹರಿ. ಕಾಲು ಚಾಚೋಕೆ ಜಾಗ ಇತ್ತಾ ಅಲ್ಲಿ?"

"ನಾನೇನು ಕಟ್ಟಿಸಿದ್ನಾ ಅದನ್ನ?"

"ನೀರು ಕುಡಿದ್ರೆ ಎದ್ದು ಹೋಗಬೇಕಾಗುತ್ತೆ ಅಂತ ಅವಳು ನೀರೇ ಕುಡೀತಿರಲಿಲ್ಲ. ಬೆಳಿಗ್ಗೆ ತುಂಬಿಸಿದ ಬಾಟಲಿ ಸಂಜೆ ಹಾಗೇ ಮನೆಗೆ ಬರೋದು. ಅವಳು ಎದ್ದು ಹೋದ್ರೆ ಅಲ್ಲಿ ಯಾರು ಕೂರೋರು, ನಿಮ್ಮಪ್ಪ ಬರ್ತಿದ್ರಾ?"

ಸೂಪರ್‌ವೈಸರ್ ನೆಲ ನೋಡಿದ. ಮೆಲ್ಲಗೆ ಹೇಳಿದ: "ಕಾಲು ಊದಿದೆ ಅಂತ ಒಂದು ಮಾತು ಹೇಳಿದ್ರೆ ರಜೆ ಕೊಡ್ತಿದ್ದೆ. ಮನೇಲೂ ಯಾರೂ ನೋಡಲಿಲ್ವಾ?"

ಗೂಳಿ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅಮ್ಮ ಬಾಯಿ ತೆರೆದಳು.

"ನೋಡದೆ ಇರ್ತೀವಾ ಸ್ವಾಮಿ? ನೋವು ಅಂದ ಕೂಡಲೇ ನನ್ನ ಮಗ, ಬೇಕರಿಯಿಂದ ಸುಸ್ತಾಗಿ ಬಂದೋನು, ಮುಖಾನೂ ತೊಳೀದೆ ಅಕ್ಕನ ಕಾಲು ಹಿಡಿದು ಕೂತ. ಎಣ್ಣೆ ಹಚ್ಚಿ ಒಂದು ಗಂಟೆ ಒತ್ತಿದ. ಯಾವ ತಮ್ಮ ಮಾಡ್ತಾನೆ ಹೇಳಿ."

ಮುಂದಿಟ್ಟ ಹೆಜ್ಜೆ ಅಲ್ಲೇ ನಿಂತಿತು.

ಅವತ್ತು ಅಕ್ಕನಿಗೆ ಊದಿದ್ದು ಎಡಗಾಲು ಮಾತ್ರ. ಮೀನಖಂಡ ಬಿಗಿದು, ಕೆಂಪೇರಿ, ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗೆ ಬೆಚ್ಚಗಿತ್ತು. ದಿನವಿಡೀ ಹಿಟ್ಟು ನಾದುವ ಕೈ ಅವನದು. ಅಂಗೈಯ ಬುಡ ಊರಿ ಒತ್ತಿದ್ದ.

"ಲೇ ಗೂಳಿ, ಇದು ಹಿಟ್ಟಲ್ಲ ಕಣೋ, ನನ್ನ ಕಾಲು," ಎಂದು ಅಕ್ಕ ನೋವಿನಲ್ಲೂ ನಕ್ಕಿದ್ದಳು.

"ಸುಮ್ನಿರೇ, ಗಂಟು ಕರಗಬೇಕು," ಎಂದು ಇನ್ನಷ್ಟು ಭಾರ ಹಾಕಿದ್ದ.

ಆಮೇಲೆ ಎದ್ದು ಅಡುಗೆಮನೆಯವರೆಗೆ ಹೋದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಯಾಕೋ ಉಸಿರೇ ಸಾಲ್ತಿಲ್ಲ ಕಣೋ," ಎಂದಳು. ಅಲ್ಲೇ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. "ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಲುಗಾಡದೆ ಕೂತು ಕೂತು, ನೀರೂ ಕುಡೀದೆ ಇದ್ರೆ ಹೀಗಾಗೋದುಂಟು. ಅದರ ಚೂರು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿದೆ." ಹೇಳಿ, ಕನ್ನಡಕ ತೆಗೆದು ಕೇಳಿದ್ದರು: "ಯಾರೂ ಕಾಲು ಒತ್ತಿಲ್ಲ ತಾನೆ? ಹಾಗೆ ಒಂದೇ ಕಾಲು ಊದಿದಾಗ ಒತ್ತಬಾರದು, ಉಜ್ಜಬಾರದು."

"ಇಲ್ಲ ಸಾರ್," ಎಂದಿದ್ದ. ಅಮ್ಮ ದೂರದ ಬೆಂಚಿನ ಮೇಲಿದ್ದಳು.

ಗೂಳಿ ಒಳಗೆ ಹೋಗಿ ಯೂನಿಫಾರ್ಮನ್ನೂ ಕೀಲಿಯನ್ನೂ ತಂದು ಸೂಪರ್‌ವೈಸರನ ಕೈಗಿಟ್ಟ. ಇನ್ನೂ ಹತ್ತು ಬೈಗುಳ ಬಾಕಿಯಿದ್ದವು. ಸೂಪರ್‌ವೈಸರ್ ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ ಹೋದ.

"ಮಗಾ," ಎಂದಳು ಅಮ್ಮ, ಗೋಡೆಗೆ ತಲೆ ಆನಿಸಿ ಕಾಲು ಚಾಚಿಕೊಂಡು. "ನಾಲ್ಕು ದಿನದಿಂದ ಕೂತು ಕೂತು ಕಾಲು ಜೋಮು ಹಿಡಿದಿದೆ. ಅಕ್ಕನಿಗೆ ಒತ್ತಿದೆಯಲ್ಲ, ಹಾಗೆ ಒಂಚೂರು ಒತ್ತೋ."

ಗೂಳಿ ಅವಳ ಮುಂದೆ ಕೂತ. ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಎರಡೂ ಕಾಲು ನೋಡಿದ. ಒಂದಾದ ಮೇಲೆ ಒಂದನ್ನು ಬೆರಳಿನಿಂದ ಮುಟ್ಟಿದ. ಎರಡೂ ಒಂದೇ ಗಾತ್ರ, ಎರಡೂ ತಣ್ಣಗೆ.

ಅಂಗೈಯನ್ನು ಮೀನಖಂಡದ ಮೇಲಿಟ್ಟ.

"ಒತ್ತೋ," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡು.

"ಒತ್ತುತಾ ಇದೀನಮ್ಮ," ಎಂದ. ಅವನ ಕೈ ಇಟ್ಟಲ್ಲೇ ಇತ್ತು.