ಬಿಗಿಯಾದ ಐದು ಸಾಲು

ಹೆಣಿಗೆಯ ಕುಣಿಕೆಗಳು ಕಡ್ಡಿಯ ಮೇಲೆ ಸರಿಯಲೊಲ್ಲವು. ಓಸ್ಲಾ ಹೆಬ್ಬೆರಳಿನಿಂದ ಒಂದೊಂದನ್ನೇ ತಳ್ಳಿದಳು. ಹೆಣೆಯುವಾಗ ಕಡ್ಡಿ ಊರುವ ಚರ್ಮದ ಸೊಂಟಪಟ್ಟಿಗೆ ಸಿಕ್ಕಿಸಿದ ಇನ್ನೊಂದು ಕಡ್ಡಿ ಬಾಗಿತೇ ಹೊರತು ನೂಲು ಜಗ್ಗಲಿಲ್ಲ. ಪಟ್ಟಿ ಅಕ್ಕ ಸಿನ್ನಿಯದು. ತುಂಬು ಬಸುರಿಗೆಂದು ಕೊನೆಯ ತೂತಿಗೆ ಸಡಿಲಿಸಿದ್ದ ಗುರುತು ಚರ್ಮದ ಮೇಲೆ ಇನ್ನೂ ಇತ್ತು.

ಸಿನ್ನಿಯ ಹನ್ನೊಂದು ದಿನದ ಕೂಸು ತೊಟ್ಟಿಲಲ್ಲಿ ಮಲಗಿತ್ತು. ಭಾನುವಾರ ಯೆಲ್ ದ್ವೀಪದ ಚರ್ಚಿನಲ್ಲಿ ಅದಕ್ಕೆ ಹೆಸರಿಡುವುದು. ಹೆರಿಗೆಯಲ್ಲಿ ಸತ್ತ ತಾಯಿ ಒಂದು ಅಂಚು ಉಳಿಸಿ ಹೋದ ಶಾಲಿನಲ್ಲೇ ಸುತ್ತಿ ಒಯ್ಯಬೇಕೆಂದು ಅವ್ವನ ಹಟ. ನಡುವೆ ಬಿಳಿ, ಸುತ್ತ ಅಲೆ ಅಲೆಯಾಗಿ ಬೂದಿ, ಕಂದು, ಕಪ್ಪು. ಎಲ್ಲ ಕುರಿಯ ಮೈಬಣ್ಣವೇ.

"ಬಿಚ್ಚೇ ಅದನ್ನ," ಅಂದಳು ಅವ್ವ. "ಎರಡೆರಡು ಕುಣಿಕೆ ಒಂದು ಮಾಡ್ತಾನೇ ಹೋಗಿದಾಳೆ, ತೂತು ಬಿಟ್ಟೇ ಇಲ್ಲ. ಅಲೆ ಹೆಂಗೆ ಏಳುತ್ತೆ? ಸಿನ್ನಿ ಕೈಕೆಲಸ ಅಂತಾರಾ ಇದನ್ನ! ನೋಡ್ದೋರು ನಗ್ತಾರೆ."

ಕಿಟಕಿಯ ಬಳಿ ಬಲೆ ಹೊಲಿಯುತ್ತಿದ್ದ ಸಿನ್ನಿಯ ಗಂಡ ಮ್ಯಾನ್ಸಿ ತಲೆಯೆತ್ತಿದ. "ಎಲ್ಲಿಂದ ತಪ್ಪಿದೆ?"

"ಕೊನೇ ಸಾಲಷ್ಟೇ, ಭಾವ."

"ಅವತ್ತು ನಾನು ಇಲ್ಲೇ ಕೂತಿದ್ದೆ. ಕಡ್ಡಿ ಸದ್ದು ಬರ್ತಾನೇ ಇತ್ತು. ಹೆಣೀತಿದಾಳೆ, ಅಂದ್ರೆ ಚೆನ್ನಾಗಿದಾಳೆ ಅಂದ್ಕೊಂಡೆ. ಕರೆದಾಗ ಓಡಿದೆ. ಸೂಲಗಿತ್ತಿ ಬರೋ ಹೊತ್ತಿಗೆ..." ಅವನು ಬಲೆ ಕೆಳಗಿಟ್ಟ. "ನೋವು ಥಟ್ಟಂತ ಬಂದಿದ್ದಲ್ವಾ? ಮೊದ್ಲೇ ಇರ್ಲಿಲ್ಲ ತಾನೆ?"

ಓಸ್ಲಾ ಶಾಲನ್ನು ಮಡಿಲಿಗೆ ಎಳೆದುಕೊಂಡಳು. ಅವನು ಎದ್ದು ಬಂದು ಶಾಲಿಗೆ ಕೈ ಹಾಕಿದ.

"ಹೆರಿಂಗ್ ಮೀನು ಹಿಡಿಯೋ ಬಲೆ ಅಲ್ಲ ಕಣಪ್ಪಾ!" ಅವ್ವ ಗದರಿದಳು. " ಮೀನಿನ ಕೈ ತೊಳ್ಕೊ ಮೊದ್ಲು."

ಅವನಿಗೆ ಕೇಳಿಸಲಿಲ್ಲ. ಕತ್ತಲಲ್ಲಿ ಬಲೆಯ ಕಣ್ಣು ತಡವುವವನಂತೆ ಕಣ್ಣು ಮುಚ್ಚಿ, ಕಪ್ಪು ಅಲೆಯ ಮೇಲೆ ಹೆಬ್ಬೆರಳು ಸವರುತ್ತಾ ಬಂದ. ಮೆತ್ತಗಿದ್ದ ಸಾಲುಗಳು ದಾಟಿದವು. ಬೆರಳು ನಿಂತಿತು.

"ಇಲ್ಲಿಂದ. ಐದು ಸಾಲು."

ಓಸ್ಲಾ ನೆಲ ನೋಡಿದಳು.

"ಒಂದು ಸಾಲಿಗೆ ಎಷ್ಟು ಹೊತ್ತು ಬೇಕು?"

"ಅಕ್ಕನ ಕೈ ಬೇಗ, ಭಾವ."

"ಎಷ್ಟು ಹೊತ್ತು ಅಂತ ಕೇಳ್ದೆ."

"ಕಾಲು ಗಂಟೆ."

"ಅಂದ್ರೆ ಒಂದೂಕಾಲು ಗಂಟೆ ನೋವಲ್ಲೇ ಹೆಣೆದಿದಾಳೆ."

ಒಲೆಯಲ್ಲಿ ಉರಿಯುತ್ತಿದ್ದ ಜೌಗುಮಣ್ಣಿನ ಹೆಂಟೆಯೊಂದು ಕುಸಿಯಿತು. ಕೂಸು ಅಲುಗಾಡಿ ಸುಮ್ಮನಾಯಿತು. ಅವ್ವ ಮೆಲ್ಲಗೆ ಅಂದಳು, "ಅದಕ್ಕೇ ಬಿಚ್ಚು ಅಂದಿದ್ದು. ನೀನು ಬಲೆ ನೋಡ್ಕೊ ಹೋಗು."

ಅವ್ವನಿಗೆ ಇದು ಮೊದಲೇ ಗೊತ್ತಿತ್ತೆಂದು ಓಸ್ಲಾಗೆ ಆಗ ತಿಳಿಯಿತು.

"ಬಿಚ್ಬೇಡ," ಅಂದ ಮ್ಯಾನ್ಸಿ.

ಓಸ್ಲಾ ಅಲ್ಲಿಂದಲೇ ಹೆಣೆದಳು. ಕಡಿಮೆಯಾದ ಕುಣಿಕೆಗಳನ್ನು ಮುಂದಿನ ಸಾಲಿನಲ್ಲಿ ಹುಟ್ಟಿಸಿಕೊಂಡಳು. ಸಾಲಿನ ಕೊನೆ ಬಂದಾಗಲೆಲ್ಲ ತನ್ನ ಕಡ್ಡಿಯ ಸದ್ದು ನಿಲ್ಲದಂತೆ, ಯಾಕೋ, ಬೇಗ ತಿರುಗಿಸುತ್ತಿದ್ದಳು. ಕಿಟಕಿಯ ಬಳಿ ಮ್ಯಾನ್ಸಿ ಆ ಸದ್ದು ನಿಂತಾಗಲೆಲ್ಲ ಎದ್ದು ನಿಲ್ಲುತ್ತಿದ್ದ.

ಶನಿವಾರ ಶಾಲನ್ನು ತೊಳೆದು, ಹೊರಗೆ ಗೋಡೆಗೊರಗಿಸಿದ ಮರದ ಚೌಕಟ್ಟಿಗೆ ಕಟ್ಟಿದರು. ಪ್ರತಿ ಅಲೆಯ ತುದಿಗೂ ಒಂದು ದಾರ, ಪ್ರತಿ ದಾರಕ್ಕೂ ಒಂದು ಗೂಟ. ಗಾಳಿಗೆ ಬೂದಿ, ಕಂದು, ಕಪ್ಪು ಒಂದೊಂದಾಗಿ ಅರಳಿದವು. ಆ ಐದು ಸಾಲಿದ್ದ ಕಡೆ ಮಾತ್ರ ಅಂಗೈಯಗಲ ಒಳಕ್ಕೆ ಸೆಳೆದುಕೊಂಡೇ ಇತ್ತು.

"ಇನ್ನೂ ಎಳಿ, ಸರಿಹೋಗುತ್ತೆ," ಅವ್ವ ಒಳಗಿಂದ ಕೂಗಿದಳು.

ಮ್ಯಾನ್ಸಿ ದಾರ ಹಿಡಿದು ನಿಂತ. ಎಳೆದ ಉಣ್ಣೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಒಂದು ಬೆರಳಿನಷ್ಟು ಸಡಿಲ ಬಿಟ್ಟು, ಗಂಟು ಹಾಕಿದ.