ತಮ್ಮ ಕರೆದ ಊರು

"ವಿಮಾನ ಹತ್ತೋಕೆ ರಕ್ತದ ಗುಂಪು ಯಾಕೋ ಬೇಕು?" ಅಕ್ಕ ಫೋನನ್ನು ಭುಜಕ್ಕೆ ಒತ್ತಿಕೊಂಡು ಕೇಳಿದಳು. ಕೈಯಲ್ಲಿ ಅರ್ಧ ಉಜ್ಜಿದ ಹಲ್ಲಿನ ಸೆಟ್ಟು. ಕಟ್ಟುಹಲ್ಲು ಮಾಡುವ ಆ ಇಕ್ಕಟ್ಟಾದ ಕೋಣೆಯಲ್ಲಿ ಕೂತು ಕೂತು ಅವಳ ರೆಪ್ಪೆಯ ಮೇಲೂ ಕೃತಕ ಒಸಡಿನ ಗುಲಾಬಿ ಪುಡಿ ಕೂತಿರುತ್ತಿತ್ತು.

"ಇನ್ಶೂರೆನ್ಸಿಗೆ ಅಕ್ಕಾ. ಎಲ್ಲರನ್ನೂ ಕೇಳ್ತಾರೆ," ಎಂದ ತಮ್ಮ, ಕಡಲಾಚೆಯ ಮರಳುಗಾಡಿನ ನಗರದಿಂದ.

ಅಲ್ಲಿನ ಗಾಜಿನ ಗೋಪುರಗಳಲ್ಲಿ ಎ.ಸಿ. ರಿಪೇರಿ ಅವನ ಕೆಲಸ. ಇಷ್ಟು ವರ್ಷ ಅವಳ ಮೆಸೇಜಿಗೆ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದವನು ಈಗ ದಿನಾ ಫೋನು ಮಾಡುತ್ತಿದ್ದ. ಬಾ, ಎರಡು ಮೂರು ತಿಂಗಳು ಇದ್ದು ಹೋಗು. ಡ್ರೈವರೇ ಇಲ್ಲದ ರೈಲಿದೆ, ಕಟ್ಟಡದೊಳಗೇ ಹಿಮ ಬೀಳಿಸ್ತಾರೆ. ಒಂದು ಸಲ ವಿಮಾನ ಬದಲಿಸಬೇಕು, ಮನೆಯಿಂದ ಮನೆಗೆ ಪೂರ್ತಿ ಒಂದು ದಿನದ ಪ್ರಯಾಣ, ನೀನೇನೂ ತಲೆ ಕೆಡಿಸ್ಕೋಬೇಡ. ಮೊದಮೊದಲು ಅಕ್ಕ ಕರಗಿಹೋಗಿದ್ದಳು. ಆಮೇಲೆ ಪ್ರಶ್ನೆಗಳು ಶುರುವಾದವು. ಬಿ.ಪಿ. ಇದ್ಯಾ? ಸಕ್ಕರೆ? ಹೊಟ್ಟೆ ಆಪರೇಷನ್ ಏನಾದ್ರೂ ಆಗಿತ್ತಾ? ಹೊರಡೋ ಮುಂಚೆ ಒಂದ್ಸಲ ಪೂರ್ತಿ ತಪಾಸಣೆ ಮಾಡಿಸ್ಬಿಡು.

"ಬಸ್ಸಲ್ಲಿ ದಿನಾ ನೋಡ್ತೀನಿ," ಎಂದ ಕಂಡಕ್ಟರ್ ಗಂಡ, ಊಟಕ್ಕೆ ಕೂತಾಗ. "ಹಲ್ಲು ಕಿರಿದುಕೊಂಡು ಹತ್ತೋನ ಹತ್ರ ಚಿಲ್ಲರೆ ಇರಲ್ಲ. ನಿನ್ನ ತಮ್ಮನಿಗೆ ಬೇಕಾಗಿರೋದು ಅಕ್ಕನೋ, ಮನೆಗೆಲಸದ ಆಳೋ, ಸರಿಯಾಗಿ ವಿಚಾರಿಸು."

ಅವಳು ನಕ್ಕಳು. ಆದರೆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಅಲ್ಲೇ ಉಳಿಯಿತು. ಯೋಚಿಸಿದಂತೆಲ್ಲ ಇನ್ನೊಂದು ಹೊಳೆಯಿತು: ವಿಡಿಯೊ ಕರೆಯಲ್ಲಿ ತಮ್ಮ ಬರೀ ಊರು ತೋರಿಸುತ್ತಾನೆ, ತನ್ನನ್ನು ತೋರಿಸುವುದೇ ಇಲ್ಲ.

ಭಾನುವಾರ ಸಂಜೆ ಮತ್ತೆ ಕರೆ ಬಂತು. "ಅಗೋ, ಆ ಉದ್ದನೆ ಕಟ್ಟಡ ನೋಡಕ್ಕಾ, ಕತ್ತಲಾದ್ರೆ ಬಣ್ಣ ಬದಲಾಯಿಸುತ್ತೆ."

"ಕಟ್ಟಡ ಸಾಕು. ನಿನ್ನ ಮುಖ ತೋರಿಸು."

"ಇಲ್ಲಿ ಬೆಳಕಿಲ್ಲ ಕಣೇ..."

"ಲೈಟ್ ಹಾಕು."

ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿತು. "ತೋರಿಸಿಬಿಡಿ. ಎಷ್ಟು ದಿನ ಅಂತ ಮುಚ್ಚಿಡ್ತೀರಿ?"

ಕ್ಯಾಮೆರಾ ತಿರುಗಿತು. ಊದಿಕೊಂಡ ಮುಖ, ಬಣ್ಣಗೆಟ್ಟ ಚರ್ಮ, ಕತ್ತಿನ ಬಳಿ ಪಟ್ಟಿ ಹಾಕಿ ಅಂಟಿಸಿದ ಕೊಳವೆ. ಇವನು ತನ್ನ ತಮ್ಮ ಎಂದು ಒಪ್ಪಿಕೊಳ್ಳಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಎರಡೂ ಕಿಡ್ನಿ ಹೋಗಿದೆ ಅಕ್ಕಾ."

"ನಾನು ಕೊಡೋಕೆ ಹೋಗಿದ್ದೆ ಅತ್ತಿಗೆ," ಎಂದಳು ಅವನ ಹೆಂಡತಿ. "ನನ್ನದು ಹೊಂದಲಿಲ್ಲ."

ಅಕ್ಕ ಫೋನನ್ನು ಮುಖದ ಹತ್ತಿರ ತಂದಳು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಬಂದ ಮೇಲೆ ನಿಧಾನಕ್ಕೆ ಹೇಳೋಣ ಅಂತ..."

"ಬಂದ ಮೇಲೆ ಹೇಳಿದ್ರೆ, ಇಲ್ಲ ಅನ್ನೋಕೆ ಇವಳಿಗೆ ಬಾಯಿ ಬರಲ್ಲ ಅಂತ. ಅಲ್ವೇನೋ?"

ಅವನು ಕೆಳತುಟಿ ಒಳಗೆಳೆದುಕೊಂಡ. ಅಮ್ಮ ಹೋದ ಮೇಲೆ ಅವಳೇ ತುತ್ತಿಟ್ಟು ಬೆಳೆಸಿದ ಬಾಯಿ ಅದು; ಸಿಕ್ಕಿಬಿದ್ದಾಗ ತುಟಿ ಮುಚ್ಚಿಕೊಳ್ಳುವ ಪರಿ ಇನ್ನೂ ಹಾಗೇ ಇತ್ತು. ಅವಳು ಕರೆ ತುಂಡರಿಸಿದಳು.

"ಬೇಡ ಅನ್ನಿಸಿದ್ರೆ ಬೇಡ ಅನ್ನು. ನಾನಿದೀನಿ," ಎಂದ ಗಂಡ. ಆ ವಾರ ಅವಳು ಮಾಡಿದ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ಸರಿಯಾಗಿ ಕಚ್ಚುತ್ತಿಲ್ಲವೆಂದು ವಾಪಸು ಬಂದವು. ವಾರದ ಕೊನೆಗೆ ತಾನೇ ಫೋನು ಹಚ್ಚಿದಳು.

"ಬರ್ತೀನಿ. ಟಿಕೆಟ್ ನಾನೇ ಮಾಡಿಸ್ತೀನಿ, ಹೋಗೋದೂ ಬರೋದೂ. ನಿಮ್ಮ ಭಾವನೂ ಜೊತೇಲಿರ್ತಾರೆ. ತಪಾಸಣೆಗೆ ಕೂರ್ತೀನಿ. ಅದರಿಂದಾಚೆಗೆ ಈಗ ಏನೂ ಕೇಳಬೇಡ."

"ಅಕ್ಕಾ..."

"ಅಳಬೇಡ. ನನ್ನ ಕೋಪ ಇನ್ನೂ ಇಳಿದಿಲ್ಲ."

ಟಿಕೆಟ್ ಆಫೀಸಿನ ಹುಡುಗಿ ವಿಮಾನದ ಸೀಟುಗಳ ನಕ್ಷೆ ತೆರೆದು ಪರದೆಯನ್ನು ಗಂಡ ಹೆಂಡತಿಯತ್ತ ತಿರುಗಿಸಿದಳು. "ಇಬ್ಬರಿಗೂ ಒಟ್ಟಿಗೇ ಕೊಡ್ತೀನಿ ಮೇಡಂ. ನೀವು ಕಿಟಕಿ ಪಕ್ಕ ಕೂತ್ಕೊಳ್ಳಿ. ಇಳಿಯುವಾಗ ಮರಳಿನ ನಡುವೆ ಊರಿಗೆ ಊರೇ ಹೊಳೀತಾ ಇರುತ್ತೆ."

"ಕಿಟಕಿ ಇವರಿಗೆ ಕೊಡಮ್ಮ," ಎಂದಳು ಅಕ್ಕ. "ನನಗೆ ಓಡಾಡೋ ದಾರಿ ಪಕ್ಕದ್ದು ಇರಲಿ. ಏಳಬೇಕು ಅನ್ನಿಸಿದ್ರೆ ಯಾರನ್ನೂ ಕೇಳದೆ ಏಳೋ ಹಾಗಿರಬೇಕು."

ಹುಡುಗಿ ಎರಡು ಸಲ ಒತ್ತಿದಳು. ಪರದೆಯ ಮೇಲೆ ಎರಡು ಚೌಕಗಳು ನೀಲಿಯಾದವು. ನಡುವಿನ ಸೀಟು ಬಿಳಿಯಾಗಿಯೇ ಉಳಿಯಿತು.